ಬಯಲಿನ ತೂಕ

ಉಪಾಧ್ಯಾಯನು ತಾನು ಸರಿಯಾಗಿ ಕಲಿಸಿದುದನ್ನು ಮರೆಯಬಹುದು. ತಪ್ಪಾಗಿ ಕಲಿಸಿದುದನ್ನು ಮರೆಯಲಾರನು. ಎಷ್ಟೋ ವರ್ಷಗಳ ಹಿಂದೆ, ಬೇಸಗೆಯ ಒಂದು ರಾತ್ರಿ, ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ನಕ್ಷತ್ರಗಳನ್ನು ತೋರಿಸುತ್ತಿದ್ದೆನು. ಒಬ್ಬ ಹುಡುಗನು, “ಒಂದು ಚುಕ್ಕಿಗೂ ಇನ್ನೊಂದಕ್ಕೂ ನಡುವೆ ಏನಿದೆ, ಮೇಷ್ಟ್ರೇ?” ಎಂದು ಕೇಳಿದನು. “ಏನೂ ಇಲ್ಲ, ಬಯಲು” ಎಂದೆನು. “ಇಲ್ಲವೆಂದು ಹೇಗೆ ಗೊತ್ತಾಯಿತು?” ಎಂದನು. ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆನು.

ಪಾಠಶಾಲೆಯಲ್ಲಿ ತರ್ಕವನ್ನೋದಿದ್ದ ನನಗೆ ಆ ಪ್ರಶ್ನೆಯ ಬೆಲೆ ತಿಳಿಯಬೇಕಾಗಿತ್ತು. ಕಾಣದಿರುವುದೊಂದೇ ಇಲ್ಲವೆಂಬುದಕ್ಕೆ ಪ್ರಮಾಣವಾಗದಷ್ಟೆ.

ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕವು 2001ರಲ್ಲಿ ಬರೆದಿಟ್ಟುಕೊಂಡಿದ್ದ ದಾಖಲೆಗಳನ್ನು ಶೋಧಿಸುತ್ತ, ಡಂಕನ್ ಲಾರಿಮರ್ ಮತ್ತು ಅವರ ಸಂಗಡಿಗರು ವಿಚಿತ್ರವಾದೊಂದು ರೇಡಿಯೋ ಸಿಡಿತವನ್ನು ಕಂಡು 2007ರಲ್ಲಿ ಪ್ರಕಟಿಸಿದರು. ಅದರ ಆಯುಸ್ಸು ಸೆಕೆಂಡಿನ 200ರಲ್ಲೊಂದು ಪಾಲಿಗಿಂತಲೂ ಕಡಮೆ. ರೇಡಿಯೋ ಎಂದೊಡನೆ ಶಬ್ದವೆಂದೆಣಿಸಬಾರದು. ಇದು ಬೆಳಕಿನ ಕುಲಕ್ಕೆ ಸೇರಿದ ಅಲೆ. ಒಟ್ಟಿಗೆ ಹೊರಟರೂ ಗಿಡ್ಡ ಅಲೆಗಳು ಮುಂಚೆ ಬರುವುವು, ಉದ್ದದ ಅಲೆಗಳು ತಡವಾಗಿ. ದಾರಿಯಲ್ಲಿ ಚೆದರಿರುವ ಎಲೆಕ್ಟ್ರಾನುಗಳೇ ಇದಕ್ಕೆ ಕಾರಣ. ಜಾತ್ರೆಗೆ ಹೊರಟ ಮನೆಯವರೆಲ್ಲ ಒಟ್ಟಿಗೆ ಹೊಳೆಯ ಮರಳಿಗಿಳಿದರೂ ದೊಡ್ಡವರು ಮುಂದಾಗಿ ಮಕ್ಕಳು ಹಿಂದುಳಿಯುವರು. ಆಚೆಯ ದಡದಲ್ಲಿ ನಿಂತವನು ಅವರ ನಡುವಣ ಅಂತರವನ್ನು ನೋಡಿಯೇ ಮರಳೆಷ್ಟೆಂದು ಹೇಳಬಲ್ಲನು. ಹೊಗೆಯಿಂದ ಬೆಂಕಿಯನ್ನರಿಯುವ ನಮ್ಮ ಹಳೆಯ ಅನುಮಾನವೇ ಇದು.

ವಿಶ್ವದ ಶೈಶವವನ್ನು ಗಣಿಸಿದವರು, ಸಾಧಾರಣ ದ್ರವ್ಯವು ಇಷ್ಟಿರಬೇಕೆಂದು ಲೆಕ್ಕ ಹಾಕಿದ್ದರು. ಹುಡುಕಿದರೆ ಸುಮಾರು ಅರ್ಧಪಾಲು ಸಿಕ್ಕಿರಲಿಲ್ಲ. 2020ರಲ್ಲಿ ಜ್ಯಾನ್-ಪಿಯರ್ ಮಕಾರ್ಟ್ ಮತ್ತು ಸಂಗಡಿಗರು, ಯಾವ ಗೆಲಾಕ್ಸಿಯಿಂದ ಹೊರಟಿತೆಂದು ಗೊತ್ತಾದ ಕೆಲವು ಸಿಡಿತಗಳನ್ನಾಯ್ದು, ದೂರಕ್ಕೂ ತಡಕ್ಕೂ ತಾಳೆ ನೋಡಿದರು. ಲೆಕ್ಕ ಸರಿಹೋಯಿತು. ಕಳೆದುಹೋಗಿದ್ದ ದ್ರವ್ಯವು ಗೆಲಾಕ್ಸಿಗಳ ನಡುವಣ ಬಯಲಿನಲ್ಲಿಯೇ ಇದ್ದಿತು. ಒಂದು ಕೋಣೆಯಷ್ಟು ಎಡೆಯಲ್ಲಿ ಬೆರಳಲ್ಲೆಣಿಸುವಷ್ಟು ಪರಮಾಣುಗಳಾಗಿ, ಅಷ್ಟು ವಿರಳವಾಗಿ! ಈ ಫಲವು ಅಚ್ಚಾದ ಕೆಲವೇ ದಿನಗಳಲ್ಲಿ ಮಕಾರ್ಟರು ತೀರಿಕೊಂಡರು. ದೂರಕ್ಕೂ ತಡಕ್ಕೂ ಇರುವ ಆ ಸಂಬಂಧವು ಇಂದು ಅವರ ಹೆಸರಿನಲ್ಲಿಯೇ ನಿಂತಿದೆ.

2022ರ ಜೂನ್ 10ರಂದು ಪಶ್ಚಿಮ ಆಸ್ಟ್ರೇಲಿಯದಲ್ಲಿ ಸಿಕ್ಕ ಒಂದು ಸಿಡಿತವು ಸುಮಾರು 800 ಕೋಟಿ ವರ್ಷಗಳ ಹಿಂದೆ ಹೊರಟುದು. ನಮ್ಮ ಭೂಮಿಯೇ ಆಗ ಹುಟ್ಟಿರಲಿಲ್ಲ. ಬೇರೆಬೇರೆ ಕಾಲಗಳಿಂದ ಬಂದ ಇಂತಹ ಓಲೆಗಳನ್ನು ಜೋಡಿಸಿ, ದ್ರವ್ಯವು ಯುಗಯುಗಕ್ಕೂ ಹೇಗೆ ಹರಡಿತೆಂಬ ಚರಿತ್ರೆಯನ್ನು ಓದಲು ವಿದ್ವಾಂಸರು ತೊಡಗಿರುವರು.

ಆ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಮೊನ್ನೆ ಮೊಮ್ಮಗಳು ಅದೇ ಪ್ರಶ್ನೆಯನ್ನು ಕೇಳಿದಳು. “ಕೂತುಕೋ ಮಗು, ಹೇಳುವೆನು, ಇದೇ ಪ್ರಶ್ನೆಯನ್ನು ಹಿಂದೊಬ್ಬ ಹುಡುಗ ಕೇಳಿದ್ದ” ಎಂದು ಮೊದಲುಮಾಡಿದೆನು.