ಬೇರೆಯವರ ಮನೆಯ ಬಿಡಾರ

ಯುದ್ಧ ಮಾಡಬಹುದೇ, ಮಾಡಬಾರದೇ ಎಂದು ಕ್ರೈಸ್ತರು ಸುಮಾರು ಎರಡು ಸಾವಿರ ವರ್ಷಗಳಿಂದ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದಾರೆ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯನ್ ಎಂಬ ತರುಣ, ಕ್ರಿಸ್ತನನ್ನು ನಂಬಿದವನು ಸೈನ್ಯಕ್ಕೆ ಸೇರಲಾರೆ ಎಂದು ಹಟ ಹಿಡಿದು ತಲೆ ಕೊಟ್ಟ. ನೂರಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸೀಮೆಯ ಬಿಷಪ್ ಅಗಸ್ಟೀನ್, ನ್ಯಾಯದ ಯುದ್ಧ ಎನ್ನುವುದೂ ಒಂದಿದೆ ಎಂದು ಬರೆದ. ನಡುವೆ ಆದದ್ದಿಷ್ಟೇ: ರೋಮಿನ ಚಕ್ರವರ್ತಿಯೇ ಕ್ರೈಸ್ತನಾಗಿದ್ದ. ಅಧಿಕಾರ ಮನೆಗೆ ಬಂದರೆ ಕತ್ತಿ ಇಡಲೂ ಒಂದು ಗೂಟ ಹೊಡೆಯಬೇಕಾಗುತ್ತದೆ.

ರೋಮು ದೂರವಾಯಿತು, ಗೋವಾದ ಸಾಂಕೋಲೆಗೆ ಬರೋಣ. ಜುವಾರಿ ಹೊಳೆಯ ಬದಿಯಲ್ಲಿ ಇಲ್ಲೊಂದು ಇಗರ್ಜಿಯ ಮುಂಗೋಡೆ ಒಂಟಿಯಾಗಿ ನಿಂತಿದೆ. ಹಿಂದೆ ಏನೂ ಇಲ್ಲ. 1606ರಲ್ಲಿ ಆರೋಗ್ಯಮಾತೆಯ ಹೆಸರಲ್ಲಿ ಕಟ್ಟಿದ್ದು, 1834ರಲ್ಲಿ ಸುಟ್ಟುಹೋಯಿತು. ಅದಕ್ಕೂ ಮೊದಲು ಈ ಊರಿನ ಯಜಮಾನ ಲಕ್ಷ್ಮೀನರಸಿಂಹ. 1567ರಲ್ಲಿ ರಾಚೋಲ್ ಕೋಟೆಯ ಪೋರ್ಚುಗೀಸ್ ಕಪ್ತಾನ ಸಾಂಕೋಲೆಯೂ ಸೇರಿದ ಸಾಸ್ಟಿ ಸೀಮೆಯ ಗುಡಿಗಳನ್ನೆಲ್ಲ ಕೆಡವಲು ಹೊರಟಾಗ, ಭಕ್ತರು ನರಸಿಂಹನನ್ನು ಹೊಳೆಯಾಚೆ ಫೋಂಡಾದ ವೆಲಿಂಗಕ್ಕೆ ಒಯ್ದರು. ಕಂಬ ಒಡೆದು ಬಂದ ದೇವರೇ ಗಂಟುಮೂಟೆ ಕಟ್ಟಬೇಕಾಯಿತು ನೋಡಿ! ಆಗ ಫೋಂಡಾ ಯಾರದು? ವಿಜಾಪುರದ ಆದಿಲಶಾಹಿಯದು. ಸುಲ್ತಾನನ ನೆಲದಲ್ಲಿ ನರಸಿಂಹ ಬಿಡಾರ ಹೂಡಿದ. ಪಕ್ಕದ ಕುಠ್ಠಾಳಿಯ ಮಂಗೇಶ, ವೆರ್ಣಾದ ಮ್ಹಾಳಸೆಯೂ ಅದೇ ದಾರಿ ಹಿಡಿದವರೇ.

ಸೇಡು ಎಲ್ಲಿಗೆ ಹೋಗುತ್ತದೆ? 1583ರಲ್ಲಿ ಅದೇ ಸಾಸ್ಟಿಯ ಕುಂಕಳ್ಳಿಯಲ್ಲಿ ಐವರು ಜೆಸ್ವಿತರ ಕೊಲೆಯಾಯಿತು. ಅವರಲ್ಲೊಬ್ಬ ರೊಡಾಲ್ಫೊ ಅಕ್ವಾವಿವಾ. ಅಕ್ಬರನ ಆಸ್ಥಾನದಲ್ಲಿ ಮುಲ್ಲಾಗಳ ಜೊತೆ ವರ್ಷಗಟ್ಟಲೆ ವಾದಿಸಿಯೂ ಕೂದಲು ಕೊಂಕದೆ ಹಿಂತಿರುಗಿದ್ದವನು, ಸ್ವಧರ್ಮೀಯರ ಆಳ್ವಿಕೆಯ ಹಳ್ಳಿಯಲ್ಲಿ ಸತ್ತ. ಪೋರ್ಚುಗೀಸರು ಮಾತುಕತೆಗೆಂದು ಊರ ಮುಖಂಡರಾದ ಗಾಂವಕರರನ್ನು ಅಸೋಳ್ಣೆ ಕೋಟೆಗೆ ಕರೆಸಿ ಕೊಂದರು. ಒಬ್ಬ ಮಾತ್ರ ಹೊಳೆಗೆ ಹಾರಿ ನಮ್ಮ ಕಾರವಾರದ ಕಡೆ ತಪ್ಪಿಸಿಕೊಂಡನಂತೆ. ಸಂಧಾನದ ಮೇಜಿನ ಮೇಲೆ ಮಾಡಿದ ಕೊಲೆಗೆ ಅಗಸ್ಟೀನನ ಪುಸ್ತಕದಲ್ಲೂ ಸಮರ್ಥನೆ ಸಿಗಲಾರದು.

ಇಂಥ ಸೀಮೆಯಲ್ಲೇ ಪಾದ್ರಿ ಜೋಸೆಫ್ ವಾಝ್ ಹುಟ್ಟಿದ್ದು, 1651ರಲ್ಲಿ. ಹುಟ್ಟಿದ್ದು ತಾಯಿಯ ಊರು ಬಾಣಾವಲಿಯಲ್ಲಿ. ತಂದೆಯ ಊರು ಸಾಂಕೋಲೆ. ಕೊಂಕಣಿ ಬ್ರಾಹ್ಮಣ ಮೂಲದ ಕುಟುಂಬ. ಯುರೋಪಿನ ಸನ್ಯಾಸಿ ಸಂಘಗಳು ಗೋವಾದವರನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಸ್ಥಳೀಯ ಪಾದ್ರಿಗಳು ತಮ್ಮದೇ ಒರೆಟರಿ ಸಂಘ ಕಟ್ಟಿಕೊಂಡರು. ನ್ಯಾಯವೇ ಸರಿ ಅನ್ನಿ. ಆದರೆ ಆ ಸಂಘಕ್ಕೆ ಸೇರಬಹುದಾಗಿದ್ದದ್ದು ಬ್ರಾಹ್ಮಣ ಮೂಲದವರು ಮಾತ್ರ! ಜನಿವಾರ ಹೋದರೂ ಗೋತ್ರದ ಲೆಕ್ಕ ಹೋಗಿರಲಿಲ್ಲ. ಸಾಮಾಜಿಕ ನ್ಯಾಯ ಎನ್ನುವುದು ನಮ್ಮಲ್ಲಿ ಹೆಚ್ಚಾಗಿ ಮೇಲಿನವರಿಂದ ಕೇಳುವ ವಸ್ತು, ಕೆಳಗಿನವರಿಗೆ ಕೊಡುವುದಲ್ಲ.

ವಾಝ್ ಮಾತ್ರ ಊರಲ್ಲಿ ನಿಲ್ಲಲಿಲ್ಲ. 1681ರಲ್ಲಿ ಕನ್ನಡ ಕರಾವಳಿಗೆ ಬಂದು ಕುಂದಾಪುರ, ಬಸರೂರು, ಗಂಗೊಳ್ಳಿ, ಮಂಗಳೂರು ಎಂದು ಕಾಲ್ನಡಿಗೆಯಲ್ಲಿ ತಿರುಗಿದರು. ಮಂಗಳೂರು ಬಳಿಯ ಮುಡಿಪು ಗುಡ್ಡದಲ್ಲಿ ಅವರ ಪವಾಡದಿಂದ ನೀರು ಚಿಮ್ಮಿತೆಂಬ ಕತೆ ಇಂದಿಗೂ ಇದೆ, ಯಾತ್ರೆಯೂ ಇದೆ. ಆಗ ನಾಡು ಕೆಳದಿಯ ಚೆನ್ನಮ್ಮನದು. ಪೋರ್ಚುಗೀಸರನ್ನು ಬಸರೂರು, ಗಂಗೊಳ್ಳಿಯಿಂದ ಓಡಿಸಿದ ಶಿವಪ್ಪ ನಾಯಕನ ಮನೆತನ, ಗುರು-ಲಿಂಗ-ಜಂಗಮರನ್ನು ನಂಬಿದ ರಾಣಿ. ಅವರ ರಾಜ್ಯದಲ್ಲಿ ಇಗರ್ಜಿಗಳೆದ್ದವು.

ಮುಂದೆ ವಾಝ್ 1687ರಲ್ಲಿ ಸಿಂಹಳಕ್ಕೆ ಹೋದದ್ದು ಭಿಕ್ಷುಕನ ವೇಷದಲ್ಲಿ, ಬರಿಗಾಲಲ್ಲಿ. ಯಾರಿಗೆ ಹೆದರಿ? ಡಚ್ಚರಿಗೆ. ಅವರೂ ಕ್ರೈಸ್ತರೇ, ಆದರೆ ಕ್ಯಾಥೊಲಿಕ್ ಪಾದ್ರಿ ಸಿಕ್ಕರೆ ಬಿಡುತ್ತಿರಲಿಲ್ಲ. ಆಶ್ರಯ ಸಿಕ್ಕಿದ್ದು ಕ್ಯಾಂಡಿಯ ಬೌದ್ಧ ಅರಸನಲ್ಲಿ. ಅವನೂ ಮೊದಲು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟ, ಆಮೇಲೆ ಬಿಟ್ಟ. 1697ರಲ್ಲಿ ಸಿಡುಬು ಬಂದು ಊರಿಗೆ ಊರೇ ಓಡಿದಾಗ, ರೋಗಿಗಳ ಕೀವು ಒರೆಸುತ್ತ ಉಳಿದವರಲ್ಲಿ ವಾಝ್ ಮತ್ತು ಅವರ ಸೋದರಳಿಯ. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತ ಪದವಿ ಘೋಷಿಸಿದರು.

ದೊರೆಗಳ ಔದಾರ್ಯವೆಲ್ಲ ಶುದ್ಧ ಬೆಲ್ಲ ಎಂದು ನಾನು ಹೇಳುವುದಿಲ್ಲ. ಆದಿಲಶಾಹಿಗೆ ಪೋರ್ಚುಗೀಸರ ಮೇಲೆ ಹಗೆ, ಕ್ಯಾಂಡಿಗೆ ಡಚ್ಚರ ಮೇಲೆ ಗುಮಾನಿ. ಗೋವಾದವರು ಉಣ್ಣುತ್ತಿದ್ದದ್ದು ಕೆನರಾದ ಅಕ್ಕಿ, ಕೆಳದಿಗೆ ಆ ವ್ಯಾಪಾರ ಬೇಕು. ಇರಲಿ. ಲೆಕ್ಕ ಹಾಕಿಯೇ ಕೊಟ್ಟ ಚಾವಡಿಯಾದರೂ ಮಳೆಗೆ ಸೋರಲಿಲ್ಲವಲ್ಲ.

ಈಗ ಇದೇ ಸಾಂಕೋಲೆಯ ಜುವಾರಿನಗರದಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಗಾರೆ ಕೆಲಸ, ಮೀನು ಹೊರುವ ಕೆಲಸ, ಮನೆಗೆಲಸ ಹುಡುಕಿ ಬಂದ ಉತ್ತರ ಕರ್ನಾಟಕದವರು. ಊರವರಿಗೆ ಸಿಟ್ಟು ಬಂದರೆ ಇವರೆಲ್ಲ 'ಘಾಟಿ'ಗಳು. ನನ್ನನ್ನು ಇಗರ್ಜಿಯ ಮುಂಗೋಡೆಯ ತನಕ ಕರೆದೊಯ್ದ ರಿಕ್ಷಾದವನು ಸಿಂದಗಿ ಕಡೆಯವನು. "ಎಷ್ಟ ವರ್ಷ ದುಡದ್ರೂ ನಾವು ಹೊರಗಿನವರ ರೀ" ಎಂದ. ಸಮಾಧಾನಕ್ಕೆಂದು ನರಸಿಂಹನ ಕತೆ ಹೇಳಿದೆ: ಈ ಊರಿನ ದೇವರಿಗೆ ಜಾಗ ಕೊಟ್ಟದ್ದು ನಿಮ್ಮ ವಿಜಾಪುರದ ಸೀಮೆಯಪ್ಪಾ ಎಂದೆ. ಬ್ರೇಕು ಹಾಕಿ ಹಿಂದಿರುಗಿ ನೋಡಿದ.

"ಹಂಗಾದ್ರ ನಾಕನೂರಾ ಐವತ್ತ ವರ್ಷದ ಬಾಡಿಗಿ ಇವ್ರ ನಮಗ ಕೊಡಬೇಕಲ್ರಿ, ಸರ!"

ಆ ಬಾಕಿಯಲ್ಲಿ ನನ್ನ ಬಾಡಿಗೆಯನ್ನೇನೂ ಅವನು ವಜಾ ಹಾಕಲಿಲ್ಲ.