ರಂಗನತಿಟ್ಟಿನಲ್ಲಿ ಒಂದು ಬೆಳಗು

ಕಳೆದ ಫಾಲ್ಗುಣ ಮಾಸದಲ್ಲಿ ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಮರುದಿನ ಬೆಳಗಿನ ಜಾವ ಕಾವೇರಿಯಲ್ಲಿ ಮಿಂದು, ಸೋಪಾನದ ಮೇಲೆಯೇ ಕುಳಿತು ಲಿಂಗಪೂಜೆಯನ್ನು ಪೂರೈಸಿದೆ. ಕರಸ್ಥಲದಿಂದ ದೃಷ್ಟಿಯನ್ನೆತ್ತಿದಾಗ ಹೊಳೆಯ ಮೇಲ್ಗಡೆಯಿಂದ ಬೆಳ್ಳಕ್ಕಿಗಳ ಸಾಲೊಂದು ತೇಲಿ ಬರುತ್ತಿತ್ತು. "ರಂಗನತಿಟ್ಟಿನಿಂದ ಹೊರಟಿವೆ ಮಾವ, ನಾವೂ ಅಲ್ಲಿಗೆ ಹೋಗಿ ಬರೋಣ" ಎಂದ, ಜೊತೆಗೆ ಬಂದಿದ್ದ ಸೋದರಳಿಯ. ಅವನ ಹೆಗಲಲ್ಲಿ ಮೊಳದುದ್ದದ ಮಸೂರವುಳ್ಳ ಕ್ಯಾಮೆರಾ.

ಹಕ್ಕಿಗಳ ಚಿತ್ರ ಹಿಡಿಯುವ ಈ ಹವ್ಯಾಸ ನನಗೆ ಅಷ್ಟಾಗಿ ರುಚಿಸದು. ಕಂಡದ್ದನ್ನೆಲ್ಲ ಪೆಟ್ಟಿಗೆಯೊಳಗೆ ತುಂಬಿಕೊಳ್ಳುವ ಬಯಕೆಯೂ ಒಂದು ಬಗೆಯ ಆಶೆಯೇ ಅಲ್ಲವೆ ಎಂದು ದಾರಿಯುದ್ದಕ್ಕೂ ಅವನಿಗೆ ಉಪದೇಶಿಸಿದೆ. ಅವನು ವಿನಯದಿಂದ ತಲೆದೂಗಿದ. ಎಂದರೆ, ಏನನ್ನೂ ಕೇಳಿಸಿಕೊಳ್ಳಲಿಲ್ಲ.

ಪಟ್ಟಣದಿಂದ ಅನತಿ ದೂರದಲ್ಲಿಯೇ ಇದೆ ರಂಗನತಿಟ್ಟು. 17ನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ಉಂಟಾದ ನಡುಗಡ್ಡೆಗಳಿವು. ಬೇಸಾಯಕ್ಕೆಂದು ಮನುಷ್ಯನು ತಡೆದ ನೀರು ಪಕ್ಷಿಗಳಿಗೆ ಬಾಣಂತಿಕೋಣೆಯಾಯಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಈ ತಾಣದ ಮಹತ್ತ್ವವನ್ನು ಮೈಸೂರು ಅರಸರಿಗೆ ಮನಗಾಣಿಸಲಾಗಿ, 1940ರಲ್ಲಿ ಇದು ಪಕ್ಷಿಧಾಮವೆನಿಸಿತು. 2022ರಲ್ಲಿ ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿತು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟರೆ ಮಾತ್ರ ಈ ತಿಟ್ಟುಗಳು ಮುಳುಗುವುದುಂಟು.

ದೋಣಿಯೇರಿದೆವು. ಅಂಬಿಗನೆಂದೊಡನೆ ನನಗೆ ನೇರನುಡಿಯ ಚೌಡಯ್ಯ ಶರಣರ ನೆನಪು. ಈತನಾದರೋ ಮಿತಭಾಷಿ. ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದೂ ಕೇಳದಂತೆ ದೋಣಿಯನ್ನು ಮರಗಳ ನೆರಳಿಗೆ ಸಾಗಿಸಿದ. ಮೇಲೆ ಬಣ್ಣದ ಕೊಕ್ಕರೆಗಳ ಗೂಡುಗಳು ಕೊಂಬೆಕೊಂಬೆಗೂ ಒತ್ತಾಗಿದ್ದವು. ಮರಿಗಳ ಗದ್ದಲವು ಜಾತ್ರೆಯ ದಾಸೋಹದ ಪಂಕ್ತಿಯನ್ನು ನೆನಪಿಗೆ ತರುವಂತಿತ್ತು. ಹೆಜ್ಜಾರ್ಲೆಯ ಮರಿಯೊಂದು ತಾಯಿಯ ಗಂಟಲಚೀಲದೊಳಗೆ ತಲೆಯನ್ನೇ ತೂರಿಸಿ ಉಣ್ಣುತ್ತಿತ್ತು. ಚಮಚದಂಥ ಕೊಕ್ಕಿನವು ತೆಳುನೀರಿನಲ್ಲಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆದಿದ್ದವು. ಬಾಯ್ಕಳಕ ಕೊಕ್ಕರೆಯ ಕೊಕ್ಕುಗಳು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಮುಖ್ಯ ಆಹಾರ ನೀರಿನ ಬಸವನಹುಳು. ಹೆಸರು ಕೇಳಿ ಮನಸ್ಸು ಒಂದು ಕ್ಷಣ ಅಳುಕಿತೆಂದರೆ ನಗಬೇಡಿ! ಬಂಡೆಯ ಮೇಲೆ ಬಾಯ್ದೆರೆದು ಮಲಗಿದ್ದ ಮೊಸಳೆಯು ಇದಾವುದನ್ನೂ ಗಮನಿಸಿದಂತೆ ತೋರಲಿಲ್ಲ.

ಹೊಳೆಯ ನಡುವಣ ಬೋಳುಬಂಡೆಯೊಂದರ ಮೇಲೆ ಬೂದುಬಣ್ಣದ, ಕರಿದಲೆಯ, ಹಳದಿ ಕೊಕ್ಕಿನ ಹಕ್ಕಿಯೊಂದು ಕುಳಿತಿತ್ತು. ನದಿ ರೀವ. ಗೂಡು ಕಟ್ಟದೆ ಬರಿಯ ಕಲ್ಲಿನ ಮೇಲೆಯೋ ಮರಳಿನ ಮೇಲೆಯೋ ಮೊಟ್ಟೆಯಿಡುವ ಜೀವವಿದು. ಅಳಿಯನು ಕ್ಯಾಮೆರಾವನ್ನು ಕಣ್ಣಿಗಿಟ್ಟು, ಉಸಿರು ಬಿಗಿಹಿಡಿದು, ಕದಲದೆ ಕುಳಿತ. ಗಳಿಗೆ ಕಳೆಯಿತು. ಅವನ ಆ ಅನಿಮಿಷ ನೋಟವನ್ನು ಕಂಡು, ದಾರಿಯಲ್ಲಿ ಆಡಿದ ಮಾತುಗಳಿಗಾಗಿ ಒಳಗೇ ನಾಚಿದೆ.

ನಾಚಿದವನು ಸುಮ್ಮನಿರಬಹುದಿತ್ತು. ಮೊಟ್ಟೆಗಳನ್ನು ಕಾಣುವ ಆತುರ ನನಗೆ. "ಇನ್ನಷ್ಟು ಹತ್ತಿರಕ್ಕೆ ಬಿಡಪ್ಪ" ಎಂದೆ.

ಅಂಬಿಗನು ಹುಟ್ಟನ್ನು ನೀರಿನಿಂದ ಮೇಲಕ್ಕೆತ್ತಿದ. "ಬ್ಯಾಡಿ ಬುದ್ಧಿ. ಹತ್ರ ಹೋದ್ರೆ ಹಕ್ಕಿ ಎದ್ದೋಯ್ತದೆ. ಬಂಡೆ ಕಾದದೆ, ಮೊಟ್ಟೆ ಬೆಂದೋಯ್ತವೆ."

ಮಠದ ಅಯ್ಯಗಳನ್ನು ಆ ಸೀಮೆಯ ಜನ 'ಬುದ್ಧಿ' ಎಂದೇ ಕರೆಯುತ್ತಾರೆ. ಹಣೆಯ ವಿಭೂತಿಯನ್ನು ಕಂಡು ಹಾಗೆಂದನು. ಆ ಕ್ಷಣದಲ್ಲಿ ಆ ಗೌರವದ ಮಾತು ನನ್ನನ್ನು ಚುಚ್ಚಿದಷ್ಟು ಬೇರಾವ ಬೈಗುಳವೂ ಚುಚ್ಚುತ್ತಿರಲಿಲ್ಲ. ಬೇಸಗೆಯ ಬಿಸಿಲು ಆಗಲೇ ಏರಿತ್ತು. ಅಷ್ಟು ಹೊತ್ತೂ ಆ ಹಕ್ಕಿ ಕುಳಿತದ್ದು ಮೊಟ್ಟೆಗೆ ಕಾವು ಕೊಡುವುದಕ್ಕಲ್ಲ, ನೆರಳು ನೀಡುವುದಕ್ಕೆ!

"ಇಷ್ಟು ಸಾಕು ಮಾವ" ಎಂದು ಅಳಿಯನು ಮೆಲ್ಲಗೆ ನುಡಿದ. ಕ್ಯಾಮೆರಾವನ್ನು ಅವನು ಆಗಲೇ ತೊಡೆಯ ಮೇಲೆ ಇಳಿಸಿದ್ದ. ದೋಣಿ ದೂರದಿಂದಲೇ ಹಿಂದಕ್ಕೆ ತಿರುಗಿತು.

ಸಂಜೆ ಮನೆಯಲ್ಲಿ ಎಲ್ಲರೂ ಸುತ್ತ ನೆರೆದು ಚಿತ್ರಗಳನ್ನು ನೋಡಿದರು. ಮಕ್ಕಳಿಗೆ ಮೊಸಳೆಯೇ ಮೆಚ್ಚಾಯಿತು. ನದಿ ರೀವದ ಚಿತ್ರದಲ್ಲಿ ಹಕ್ಕಿ ಹೆಬ್ಬೆರಳ ಉಗುರಿನಷ್ಟು ಮಾತ್ರ ಕಾಣುತ್ತಿತ್ತು, ಮೊಟ್ಟೆಗಳು ಕಾಣಲಿಲ್ಲ. ಆದರೆ ಅರೆಬಿಚ್ಚಿದ ರೆಕ್ಕೆಯ ಕೆಳಗೆ, ಬಂಡೆಯ ಮೇಲೆ, ಅಂಗೈಯಗಲದ ನೆರಳು ಸ್ಪಷ್ಟವಾಗಿ ಬಿದ್ದಿತ್ತು.