ಯಾರ ಹತ್ರ ಪಳಗಿದ್ದು?

ನಮ್ಮ ವಿಭಾಗಕ್ಕೆ ಸಂಶೋಧನೆಗೆಂದು ಹೊಸಬರು ಬಂದರೆ ಎಲ್ಲರೂ ಮೊದಲು ಕೇಳುವುದು "ಗೈಡ್ ಯಾರು?" ಅಂತ. ವಿಷಯ ಏನು ಎಂಬ ಪ್ರಶ್ನೆ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಲಾರಿ ಮಾಲೀಕರದ್ದೂ ಇದೇ ಕ್ರಮ ಎಂದು ಗೊತ್ತಾದದ್ದು ಕಳೆದ ವರ್ಷ, ತಮ್ಮನ ಜೊತೆ ಚಳ್ಳಕೆರೆಯಲ್ಲಿ ಅವನಿಗೊಂದು ಕೆಲಸ ಹುಡುಕುತ್ತ ಅಲೆದಾಗ. ಅವನ ಜೇಬಿನಲ್ಲಿ ಹೊಸ ಹೆವಿ ಲೈಸೆನ್ಸ್ ಇತ್ತು. ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅವರು ಕೇಳುತ್ತಿದ್ದರು: "ಯಾರ ಹತ್ರ ಪಳಗಿದೀಯ?"

ಆ ಕಾರ್ಡು ಸುಮ್ಮನೆ ಬಂದದ್ದಲ್ಲ. ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ಕಳೆದಿರಬೇಕು, ವಯಸ್ಸು 20 ತುಂಬಿರಬೇಕು, ವೈದ್ಯರ ಸರ್ಟಿಫಿಕೇಟು ಬೇಕು, ಡ್ರೈವಿಂಗ್ ಸ್ಕೂಲಿನವರು ಫಾರಂ 5 ಕೊಡಬೇಕು. ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು ಮಾತ್ರ 2019ರಲ್ಲಿ ತೆಗೆದರು. ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿದವಳು ನಾನು. ಸ್ಕೂಲಿನ ಫೀಸು ಹೋದದ್ದು ನನ್ನ ಫೆಲೋಶಿಪ್ಪಿನಿಂದ. (ಆ ಫೆಲೋಶಿಪ್ ಯಾವಾಗ ಬರುತ್ತದೆ ಎಂಬುದರ ಮೇಲೇ ಒಂದು ಪ್ರಬಂಧ ಬರೆಯಬಹುದು.) ಹಾಗಾಗಿ ಈ ಕೆಲಸ ಸಿಗಬೇಕೆಂಬ ಆತುರ ಅವನಿಗಿಂತ ನನಗೇ ಹೆಚ್ಚಿತ್ತು.

ಸ್ಕೂಲಿನಲ್ಲಿ ಇದ್ದದ್ದು ಆರು ಚಕ್ರದ ಹಳೆಯ ಲಾರಿ. ಅದರಲ್ಲಿ ಒಂದು ಮೂಟೆ ಕೂಡ ಇರುತ್ತಿರಲಿಲ್ಲ. ಬೆಳಗಿನ ಹೊತ್ತು ಬಯಲಲ್ಲಿ ನಾಲ್ಕು ಸುತ್ತು, ಹೆದ್ದಾರಿಯಲ್ಲಿ ಸ್ವಲ್ಪ ದೂರ, ಒಂದಿಷ್ಟು ರಿವರ್ಸು. ಟೆಸ್ಟು ನಡೆದದ್ದೂ ಖಾಲಿ ಗಾಡಿಯಲ್ಲೇ. ಆದರೆ ಸಂಬಳ ಸಿಗುವುದು ತುಂಬಿದ ಗಾಡಿಗೆ. ಹತ್ತು ಚಕ್ರದ ಲಾರಿ ಲೋಡು ಸೇರಿ 28.5 ಟನ್ ತೂಗಬಹುದು. 2018ಕ್ಕೆ ಮುಂಚೆ ಆ ಮಿತಿ 25 ಇತ್ತು. ಅಷ್ಟು ತೂಕ ಬೆನ್ನಿಗಿದ್ದಾಗ ಬ್ರೇಕನ್ನು ಎಷ್ಟು ದೂರದಿಂದಲೇ ಹಿಡಿಯಬೇಕು, ತಿರುವಿನಲ್ಲಿ ಗಾಡಿ ಎತ್ತ ವಾಲುತ್ತದೆ ಎಂಬುದು ಬಯಲಿನಲ್ಲಿ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಅದು ಕಾದು ಹಿಡಿತ ಬಿಡುತ್ತದೆ. ಗೇರು ಇಳಿಸಿ, ಇಂಜಿನ್ನಿನ ಬಿಗಿಯಲ್ಲೇ ಗಾಡಿಯನ್ನು ಇಳಿಸಬೇಕು. ಇದನ್ನು ತಮ್ಮ ಪುಸ್ತಕದಲ್ಲಿ ಓದಿದ್ದ. ಕಾಲಿಗೆ ಗೊತ್ತಿರಲಿಲ್ಲ.

ಹಿಂದೆ ಕಾಲಿಗೆ ಕಲಿಸುತ್ತಿದ್ದದ್ದು ಕ್ಲೀನರ್ ಸೀಟು. ಗಾಜು ಒರೆಸಿ, ಟೈರು ಬಡಿದು ಗಾಳಿ ನೋಡಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ರಿವರ್ಸಿನಲ್ಲಿ "ಬರ್ಲಿ, ಬರ್ಲಿ" ಎಂದು ಕೂಗಿ, ಬೈಗುಳ ತಿಂದು, ರಾತ್ರಿ ಖಾಲಿ ರಸ್ತೆಯಲ್ಲಿ ಡ್ರೈವರಿಗೆ ಮನಸ್ಸು ಬಂದಾಗ ಹತ್ತು ನಿಮಿಷ ಸ್ಟೇರಿಂಗ್ ಹಿಡಿಯುವುದು. ಅದನ್ನು ಗುರುಕುಲ ಎಂದು ಹೊಗಳುವ ಆಸೆ ನನಗಿಲ್ಲ. ಶಾಲೆ ಬಿಟ್ಟ ಹುಡುಗರು ಊಟ ಮತ್ತು ಚಿಲ್ಲರೆ ಕಾಸಿಗೆ ವರ್ಷಗಟ್ಟಲೆ ಸವೆದ ಜಾಗ ಅದು. ಆದರೆ ಅದು ಹೋದ ಮೇಲೆ ಅಲ್ಲಿ ಇನ್ನೇನೂ ಬರಲಿಲ್ಲ.

ಎಣ್ಣೆ ಮಿಲ್ಲೊಂದರ ಎದುರು ಸಿಕ್ಕ ಮಾಲೀಕರು ತಮ್ಮನಿಗೆ ಟೀ ಕೊಡಿಸಿ ಹೇಳಿದರು, "ಎರಡು ವರ್ಷ ಎಲ್ಲಾದ್ರೂ ಓಡ್ಸಿ ಬಾರಪ್ಪ, ನೋಡಾಣ."

"ನಿಮ್ಮ ಗಾಡೀಲಿ ಕ್ಲೀನರ್ ಇದಾರಾ ಅಣ್ಣ?" ಎಂದೆ ನಾನು.

"ಈಗೆಲ್ಲಮ್ಮ ಕ್ಲೀನರು? ಡೀಸೆಲ್ಲಿಗೇ ಸಾಲಲ್ಲ, ಇನ್ನೊಬ್ಬನಿಗೆ ಎಲ್ಲಿಂದ ಸಂಬಳ ಕೊಡಾದು?"

ಕಟುಕ ಮನುಷ್ಯರಲ್ಲ ಅವರು. ಲಾರಿಯ ಕಂತು ಇನ್ನೂ ಬಾಕಿ ಇತ್ತು, ಹತ್ತು ಟೈರುಗಳಿದ್ದವು. ಹೊಸಬ ಕ್ಲಚ್ ಸುಟ್ಟರೆ ಗಾಡಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆದರೂ ನನಗೆ ಸಿಟ್ಟು ಬಂತು. ಕಲಿಯುವ ಸೀಟನ್ನು ಕಿತ್ತು ಹಾಕಿದವರೇ ಅದರಲ್ಲಿ ಕೂತು ಬಂದವನೇ ಬೇಕು ಅನ್ನುತ್ತಾರೆ. ಅತಿಥಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣ ಗಾಡಿಯಾದರೂ ಸಿಗಲಿ ಎಂದರೆ ಅಲ್ಲಿ ಬೇರೆ ನೂಕುನುಗ್ಗಲು. 7,500 ಕೆ.ಜಿ.ಯೊಳಗಿನ ಸರಕು ವಾಹನವನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತ್ತು. "ಹಂಗಾದ್ರೆ ನಾನ್ಯಾಕಕ್ಕ ಇಷ್ಟೆಲ್ಲ ಮಾಡ್ದೆ?" ಅಂದ ತಮ್ಮ, ನಗುತ್ತ.

ಇಷ್ಟೂ ದಿನ ಅಪ್ಪ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಅದಿರಿನ ಲಾರಿ ಓಡಿಸಿದವನು. ಹೊಸಪೇಟೆ ಕಡೆಯಿಂದ ತುಂಬಿಕೊಂಡು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಬೇಲೆಕೇರಿಗೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ, ಹಿಂದೆಯೇ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಅವನದ್ದೂ ಒಂದು. ಕೆಂಪು ಧೂಳು ಮೆತ್ತಿದ ಅಂಗಿಗಳನ್ನು ಅಮ್ಮ ಒರೆಸುವ ಬಟ್ಟೆ ಮಾಡಿದಳು. ಅಪ್ಪ ಎರಡು ಎಕರೆ ಶೇಂಗಾ ಹೊಲಕ್ಕೆ ಮರಳಿದ. ಮಗ ಸ್ಟೇರಿಂಗ್ ಹಿಡಿಯುವುದು ಅವನಿಗೆ ಬೇಡವಾಗಿತ್ತು. ಅವನು ಒಬ್ಬರಿಗೆ ಒಂದು ಮಾತು ಹೇಳಿದ್ದರೆ ಕೆಲಸ ಸಿಗುತ್ತಿತ್ತು. ಅವನು ಹೇಳಲಿಲ್ಲ, ತಮ್ಮ ಕೇಳಲಿಲ್ಲ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದರು.

ಕೊನೆಗೆ ಹೆದ್ದಾರಿ ಪಕ್ಕದ ಜಲ್ಲಿ ಕ್ರಷರ್ ಒಂದರಲ್ಲಿ ಟಿಪ್ಪರಿಗೆ ಕರೆದರು. ಅಲ್ಲಿ ಯಾರ ಹತ್ರ ಪಳಗಿದ್ದು ಎಂದು ಕೇಳಲಿಲ್ಲ. ಟ್ರಿಪ್ಪಿಗಿಷ್ಟು, ಎಷ್ಟು ಟ್ರಿಪ್ಪು ಹೊಡೆದರೆ ಅಷ್ಟು ದುಡ್ಡು, ಸೋಮವಾರ ಬಾ. ರಾತ್ರಿ ಊಟಕ್ಕೆ ಕೂತಾಗ ತಮ್ಮ ಇದನ್ನು ನನಗೆ ಹೇಳುವಂತೆ ಅಪ್ಪನಿಗೆ ಹೇಳಿದ.

"ಟ್ರಿಪ್ ಲೆಕ್ಕದ ಗಾಡಿ ಬ್ಯಾಡ," ಅಂದ ಅಪ್ಪ. ಅಷ್ಟೇ. ಟ್ರಿಪ್ ಲೆಕ್ಕದಲ್ಲಿ ಡ್ರೈವರು ನಿದ್ದೆಯನ್ನು ಮಾರುತ್ತಾನೆ ಎಂಬುದು ಅದಿರಿನ ದಿನಗಳಿಂದ ಅವನಿಗೆ ಗೊತ್ತಿತ್ತು. ಘಟ್ಟದಲ್ಲಿ ಉರುಳಿದವರ ಹೆಸರುಗಳನ್ನು ಅವನು ನಮ್ಮೆದುರು ಯಾವತ್ತೂ ಹೇಳಿದವನಲ್ಲ. ಕೈ ತೊಳೆದು ಬಂದು, ಬೆಂಗಳೂರಿಗೆ ಈರುಳ್ಳಿ ಹೊಡೆಯುವ ಹಳೆಯ ಜೊತೆಗಾರನಿಗೆ ಫೋನು ಮಾಡಿದ. "ಹುಡುಗನ್ನ ಕ್ಲೀನರ್ ಅಂತ ಕರ್ಕಂಡೋಗು. ಸ್ಟೇರಿಂಗ್ ಕೊಡಾದು ಬಿಡಾದು ನಿಂಗೆ ಬಿಟ್ಟಿದ್ದು."

"ಲೈಸೆನ್ಸ್ ಇಟ್ಕಂಡು ಕ್ಲೀನರಾ?" ಎಂದ ತಮ್ಮನಿಗೆ ಉತ್ತರ ಸಿಗಲಿಲ್ಲ. ಮೂರು ತಿಂಗಳು ಬರೀ ಬಾಟಾದಲ್ಲಿ ಹಿರಿಯೂರು, ಶಿರಾ, ತುಮಕೂರು, ಯಶವಂತಪುರ. ಈರುಳ್ಳಿ ಕಾಯುವುದಿಲ್ಲ, ಆದ್ದರಿಂದ ಎಲ್ಲವೂ ರಾತ್ರಿ ಪಯಣ. ಮೊದಲ ತಿಂಗಳು ಸ್ಟೇರಿಂಗ್ ಸಿಕ್ಕದ್ದು ವಾಪಸ್ ಬರುವಾಗ, ಖಾಲಿ ಗಾಡಿಯಲ್ಲಿ. ಎರಡನೆಯ ತಿಂಗಳು, ಶಿರಾ ದಾಟಿದ ಮೇಲೆ, ಲೋಡಿನಲ್ಲಿ.

ಡ್ರೈವಿಂಗ್ ಸ್ಕೂಲಿನಲ್ಲಿ ಅವನ ಜೊತೆ ಕಲಿತವರು ಇನ್ನೂ ನಾಲ್ವರಿದ್ದರು. ಒಬ್ಬ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಇನ್ನೊಬ್ಬ ಅಂಗಡಿಯಲ್ಲಿದ್ದಾನೆ. ಇಬ್ಬರು ಅದೇ ಕ್ರಷರಿಗೆ ಹೋದರು. ಅವರಿಗಾಗಿ ಫೋನು ಮಾಡುವವರು ಯಾರೂ ಇರಲಿಲ್ಲ. ಅವರ ಲೈಸೆನ್ಸೂ ತಮ್ಮನದ್ದರಂಥದ್ದೇ, ಐದೈದು ವರ್ಷದ್ದು.

ಟೀ ಕೊಡಿಸಿದ ಮಾಲೀಕರು ಈಚೆಗೆ ತಮ್ಮನಿಗೆ ಗಾಡಿ ಕೊಟ್ಟರು. ಮೊದಲ ಲೋಡಿನ ದಿನ ಅಪ್ಪ ಹೊಲದಿಂದ ನೇರವಾಗಿ ಬಂದು ಲಾರಿಗೆ ಒಂದು ಸುತ್ತು ಹಾಕಿದ. ಸ್ಟೆಪ್ನಿ ಮುಟ್ಟಿ ನೋಡಿದ, ಹಗ್ಗ ಎಳೆದು ನೋಡಿದ. ಹಿಂಬದಿಯ ಒಂದು ಗಂಟನ್ನು ಬಿಚ್ಚಿ, ಕಾಲು ಕೊಟ್ಟು ಬಿಗಿದು, ತಾನೇ ಮತ್ತೆ ಹಾಕಿದ. ತಮ್ಮ ಕ್ಯಾಬಿನ್ನಿನಿಂದ ಕನ್ನಡಿಯಲ್ಲಿ ನೋಡುತ್ತಿದ್ದ, ಇಳಿದು ಬರಲಿಲ್ಲ.